ಟಾಟಾ ಕೊಟ್ಟ ಬಾಡಿಗೆ ಕಟ್ಟಡಗಳು, ಮೈಸೂರು ಕೊಟ್ಟ ನೆಲ: ಐಐಎಸ್‌ಸಿಯಲ್ಲಿ ದಾನ ಏನೇನು ಮಾಡಿತು

ಬೆಂಗಳೂರಿನ ಹಳಬರು ಈಗಲೂ ಐಐಎಸ್‌ಸಿ ಅನ್ನುವುದು ಕಡಿಮೆ. ಯಶವಂತಪುರದ ಕಡೆ ಹೋಗುವ ಬಸ್ಸಿನಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತಲೇ ಟಿಕೆಟ್ ಕೇಳುತ್ತಾರೆ. ಆಸ್ತಿ ಬರೆದುಕೊಟ್ಟ ಜಮ್‌ಶೆಟ್‌ಜಿ ಟಾಟಾ ಅವರಿಗೆ ಮಾತ್ರ ಸಂಸ್ಥೆಗೆ ತಮ್ಮ ಹೆಸರಿಡುವುದು ಬೇಕಿರಲಿಲ್ಲ. ಬೋರ್ಡಿನ ಮೇಲೆ ಇವತ್ತಿಗೂ ಇರುವುದು ಭಾರತೀಯ ವಿಜ್ಞಾನ ಸಂಸ್ಥೆ ಅಂತ.

ಒಂದು ವಿಶ್ವವಿದ್ಯಾಲಯಕ್ಕೆ ದಾನ ಬಂದರೆ ಅಲ್ಲಿ ಓದುವವರಿಗೆ, ಪಾಠ ಮಾಡುವವರಿಗೆ, ಅಕ್ಕಪಕ್ಕದ ಊರಿನವರಿಗೆ ಏನಾಗುತ್ತದೆ? ಇದನ್ನು ನೋಡಲು ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಇಲ್ಲಿ ವ್ಯಾಪಾರಿಯ ಆಸ್ತಿ ಇದೆ, ಅರಸರ ನೆಲ ಇದೆ, ಸರ್ಕಾರದ ಅನುದಾನ ಇದೆ, ಐಟಿ ಕಾಲದ ಕೋಟಿಗಳೂ ಇವೆ. ಎಲ್ಲವೂ ನೂರಿಪ್ಪತ್ತು ವರ್ಷಗಳ ಒಳಗೆ ಒಂದೇ ಆವರಣಕ್ಕೆ ಬಂದಿವೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನಿಸುವುದು ಇಷ್ಟು: ದಾನದ ಮೊತ್ತ ಎಷ್ಟು ಅನ್ನುವುದಕ್ಕಿಂತ, ಅದನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿ ಕೊಟ್ಟರು ಮತ್ತು ಆಮೇಲಿನ ಖರ್ಚನ್ನು ಯಾರು ಹೊತ್ತರು ಅನ್ನುವುದೇ ಜಾಸ್ತಿ ಕೆಲಸ ಮಾಡಿದೆ.

ಯಾರು ಏನು ಕೊಟ್ಟರು

1893ರಲ್ಲಿ ಹಡಗಿನಲ್ಲಿ ಟಾಟಾ ಮತ್ತು ವಿವೇಕಾನಂದರು ಭೇಟಿಯಾದ ಕತೆ ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಮಗೆ ಬೇಕಿರುವುದು ಆಸ್ತಿಪತ್ರದ ಕತೆ.

ಟಾಟಾ ಕೊಡಲು ಮುಂದಾದದ್ದು ನಗದು ಹಣವಲ್ಲ. ಮುಂಬೈಯಲ್ಲಿದ್ದ 14 ಕಟ್ಟಡ ಮತ್ತು 4 ಜಮೀನು. ಆಗಿನ ಬೆಲೆ ಸುಮಾರು 30 ಲಕ್ಷ ರೂಪಾಯಿ. ಅವುಗಳಿಂದ ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಆದಾಯ ಬರುತ್ತದೆ ಅನ್ನುವ ಲೆಕ್ಕ. ಅಂದರೆ ಅಸಲು ಹಾಗೇ ಉಳಿಯಬೇಕು, ಆದಾಯದಲ್ಲಿ ಸಂಸ್ಥೆ ನಡೆಯಬೇಕು. ನಮ್ಮ ಹಳ್ಳಿಗಳಲ್ಲಿ ದೇವಸ್ಥಾನಕ್ಕೆ ಗದ್ದೆ ಬಿಟ್ಟು, ಅದರ ಗುತ್ತಿಗೆಯಲ್ಲಿ ದೀಪ ನೈವೇದ್ಯ ನಡೆಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು.

ಯೋಜನೆ ತಯಾರಿಸಲು ಟಾಟಾ ತಮ್ಮ ಆಪ್ತ ಬರ್ಜೋರ್ಜಿ ಪಾದಶಾ ಅವರನ್ನು ಯುರೋಪು, ಅಮೆರಿಕಗಳ ವಿಶ್ವವಿದ್ಯಾಲಯ ನೋಡಿಬರಲು ಕಳಿಸಿದರು. ಅವರು ತಂದ ಕರಡಿನಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಮಾತ್ರ ಇರಲಿಲ್ಲ. ವೈದ್ಯಕೀಯ ಇತ್ತು. ತತ್ವಶಾಸ್ತ್ರ, ಶಿಕ್ಷಣ, ಇತಿಹಾಸ, ಅರ್ಥಶಾಸ್ತ್ರದ ತರಹದ ವಿಷಯಗಳೂ ಇದ್ದವು. ವೈದ್ಯಕೀಯ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1898ರ ಡಿಸೆಂಬರ್ 31ರಂದು, ವೈಸರಾಯ್ ಆಗಲು ಆಗ ತಾನೇ ಭಾರತಕ್ಕೆ ಬಂದಿಳಿದಿದ್ದ ಲಾರ್ಡ್ ಕರ್ಜನ್ ಅವರ ಕೈಗೆ ಈ ಕರಡು ಸೇರಿತು. ಕರ್ಜನ್ ಅವರಿಗೆ ಎರಡು ಅನುಮಾನ. ಇಷ್ಟು ದೊಡ್ಡ ಓದಿಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಗುತ್ತಾರಾ? ಓದಿ ಹೊರಬಂದವರಿಗೆ ಕೆಲಸ ಯಾರು ಕೊಡುತ್ತಾರೆ? ಮೊದಲನೆಯದು ಆಳುವವರ ಗರ್ವದ ಪ್ರಶ್ನೆ. ಎರಡನೆಯದು ಹಾಗಲ್ಲ. ಇವತ್ತಿಗೂ ಪಿಎಚ್‌.ಡಿ. ಮುಗಿಸಿದ ಯಾರನ್ನು ಬೇಕಾದರೂ ಕೇಳಿ ನೋಡಿ.

1900ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬಂದು ದೇಶ ಸುತ್ತಿ ವರದಿ ಕೊಟ್ಟರು. ಜಾಗಕ್ಕೆ ಬೆಂಗಳೂರೇ ಸರಿ ಅಂದರು. ಆದರೆ ವಿಷಯಗಳ ಪಟ್ಟಿಗೆ ಕತ್ತರಿ ಹಾಕಿದರು. ಕೈಗಾರಿಕೆಗೆ ಬರುವ ವಿಜ್ಞಾನ ಉಳಿಯಿತು, ಮಿಕ್ಕಿದ್ದು ಹೋಯಿತು. ಅಲ್ಲಿಗೆ ಕೊಡುವವರ ಆಸೆ ಒಂದು, ಕೊನೆಗೆ ಆದದ್ದು ಇನ್ನೊಂದು.

ಇನ್ನು ಮೈಸೂರು. ಬೆಂಗಳೂರು ಆಯ್ಕೆಯಾಗಲು ಹವೆಯಷ್ಟೇ ಕಾರಣವಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ ಮಾತುಕತೆ ಶುರುವಾಗಿತ್ತು. ಆಗ ಮಹಾರಾಜರಿನ್ನೂ ಚಿಕ್ಕವರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ಮೈಸೂರಿನ ಕಡೆಯಿಂದ ಬಂದದ್ದು ಮೂರು: 371 ಎಕರೆ ನೆಲ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಜತೆಗೆ ವರ್ಷಕ್ಕೆ 50,000 ರೂಪಾಯಿ. ನೆಲ ಅಧಿಕೃತವಾಗಿ ಕೊಟ್ಟದ್ದು 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ. ಭಾರತ ಸರ್ಕಾರವೂ ವಾರ್ಷಿಕ ಅನುದಾನಕ್ಕೆ ಒಪ್ಪಿತು.

ಈ ಮೂರರಲ್ಲಿ ನೆಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ 50,000. ಕಟ್ಟಡಕ್ಕೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಪ್ರತಿವರ್ಷ ಬಜೆಟ್ಟಿನಲ್ಲಿ ಒಂದು ಸಾಲು ಇಟ್ಟು ಕೊಡುತ್ತಾ ಹೋಗುವುದು ಬೇರೆಯೇ ಮಾತು. ಅದು ಅರಮನೆಯ ದಾನ ಅಂತ ಹೇಳುತ್ತೇವೆ. ಆದರೆ ಆ ಹಣ ಬಂದದ್ದು ರೈತರು ಕಟ್ಟಿದ ಕಂದಾಯದಿಂದ. ಮೈಸೂರು ಸೀಮೆಯ ರಾಗಿ ಹೊಲಗಳೂ ಈ ಸಂಸ್ಥೆಯ ದಾನಿಗಳೇ ಅನ್ನಬೇಕು. ಅವರ ಹೆಸರಲ್ಲಿ ಬಸ್ ಸ್ಟಾಪ್ ಇಲ್ಲ ಅಷ್ಟೇ.

ಜಮ್‌ಶೆಟ್‌ಜಿ 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಸಂಸ್ಥೆ ಇನ್ನೂ ಕಾಗದದ ಮೇಲೇ ಇತ್ತು. ಮಕ್ಕಳಾದ ದೊರಾಬ್ಜಿ ಮತ್ತು ರತನ್‌ಜಿ ಬೇಕೆಂದರೆ ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. 1909ರ ಮೇ 27ರಂದು ಸಂಸ್ಥೆಯ ಸ್ಥಾಪನೆಗೆ ವೈಸರಾಯ್ ಮಿಂಟೊ ಅವರ ಆದೇಶ ಬಂತು. 1911ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟರು. ಅದೇ ವರ್ಷ ಜುಲೈನಲ್ಲಿ ರಸಾಯನ ವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನದ ಮೊದಲ ವಿದ್ಯಾರ್ಥಿಗಳು ಸೇರಿದರು. ಕರಡು ಕರ್ಜನ್ ಕೈಗೆ ಹೋಗಿ ಹನ್ನೆರಡು ವರ್ಷ ದಾಟಿತ್ತು.

ಮೈಸೂರಿಗೆ ಏನು ವಾಪಸ್ ಬಂತು

ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ. ಆರೇ ವರ್ಷದಲ್ಲಿ ಅದೇ ಊರಲ್ಲಿ ವಿದ್ಯುತ್ ತಂತ್ರಜ್ಞಾನ ಕಲಿಸುವ ವಿಭಾಗ. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಆದರೆ ಮೈಸೂರಿಗೆ ಸಿಕ್ಕ ನಿಜವಾದ ಲಾಭ ಬಂದದ್ದು ರಸಾಯನ ವಿಭಾಗದಿಂದ, ಅದೂ ಯಾರೂ ಎಣಿಸದೇ ಇದ್ದ ರೀತಿಯಲ್ಲಿ.

ಮೈಸೂರು ರಾಜ್ಯಕ್ಕೆ ಶ್ರೀಗಂಧ ದೊಡ್ಡ ಆದಾಯ. ಮರ ಕಡಿದು ಹರಾಜು ಹಾಕುತ್ತಿದ್ದರು. ಬಹುಪಾಲು ಕೊರಡು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವುದು ಅಲ್ಲಿ, ಲಾಭವೂ ಅಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಕೊಳ್ಳುವವರೇ ಇಲ್ಲದೆ ಗಂಧದ ಕೊರಡು ಇಲ್ಲೇ ಬಿದ್ದಿತ್ತು. ಆಗ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಇಲ್ಲೇ ಕೈಗೂಡಿಸಿಕೊಂಡರು. ಸರ್ಕಾರದ ಕೈಗಾರಿಕಾ ಇಲಾಖೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಇದ್ದರು, ದಿವಾನರಾಗಿ ವಿಶ್ವೇಶ್ವರಯ್ಯನವರಿದ್ದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಎಣ್ಣೆಯ ಹಿಂದೆಯೇ ಸೋಪು ಬಂತು. ಇವತ್ತಿಗೂ ನಮ್ಮ ಬಚ್ಚಲುಮನೆಗಳಲ್ಲಿರುವ ಮೈಸೂರು ಸ್ಯಾಂಡಲ್.

ವರ್ಷಕ್ಕೆ 50,000 ಕೊಡುತ್ತಿದ್ದ ರಾಜ್ಯಕ್ಕೆ ಇದು ಒಳ್ಳೆಯ ಬಡ್ಡಿ ಅಲ್ವಾ? ಆದರೆ ಗಮನಿಸಬೇಕಾದದ್ದು ಇನ್ನೊಂದಿದೆ. ಮೈಸೂರು ಗಂಧದೆಣ್ಣೆ ಸಂಶೋಧನೆಗೆ ಅಂತ ಹಣ ಕೊಟ್ಟಿರಲಿಲ್ಲ. ಕೊಡಬೇಕು ಅಂತ 1907ರಲ್ಲಿ ಯಾರಿಗೂ ಹೊಳೆಯುತ್ತಲೂ ಇರಲಿಲ್ಲ, ಏಕೆಂದರೆ ಜರ್ಮನಿಯವರು ಒಳ್ಳೆಯ ಬೆಲೆಗೆ ಕೊಳ್ಳುತ್ತಿದ್ದರು. ಪ್ರಯೋಗಾಲಯ ಇತ್ತು, ತಿಳಿದವರಿದ್ದರು, ಅವರ ಸಂಬಳ ನಡೆಯುತ್ತಿತ್ತು. ಕಷ್ಟ ಬಂದಾಗ ಹೋಗಿ ಕೇಳಲು ಒಂದು ಬಾಗಿಲು ಇತ್ತು.

ಎರಡನೇ ಮಹಾಯುದ್ಧದಲ್ಲೂ ಹೀಗೇ ಆಯಿತು. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಈಗಿನ ಎಚ್‌ಎಎಲ್. 1942ರ ಡಿಸೆಂಬರಿನಲ್ಲಿ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಬಂತು. ಬೆಂಗಳೂರು ವಿಮಾನ, ಬಾಹ್ಯಾಕಾಶದ ಊರಾಗಿದ್ದಕ್ಕೆ ಬೇರು ಇಲ್ಲೂ ಇದೆ. ಭೌತವಿಜ್ಞಾನಿ ಹೋಮಿ ಭಾಭಾ ರಜೆಗೆಂದು ಊರಿಗೆ ಬಂದವರು, ಯುದ್ಧ ಶುರುವಾಗಿ ಕೇಂಬ್ರಿಜ್‌ಗೆ ಹಿಂತಿರುಗಲಾಗದೆ ಇಲ್ಲೇ ಸೇರಿಕೊಂಡರು. ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಕಾಸ್ಮಿಕ್ ಕಿರಣಗಳ ಕೆಲಸ ಮಾಡಿದರು. 1944ರಲ್ಲಿ ಅದೇ ಟ್ರಸ್ಟಿಗೆ ಪತ್ರ ಬರೆದು ಹೊಸ ಸಂಸ್ಥೆ ಬೇಕು ಅಂದರು. 1945ರಲ್ಲಿ ಆ ಸಂಸ್ಥೆ, ಅಂದರೆ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಹುಟ್ಟಿದ್ದು ಬೆಂಗಳೂರಿನ ಈ ಆವರಣದಲ್ಲೇ. ಕೆಲವೇ ತಿಂಗಳಲ್ಲಿ ಅದು ಮುಂಬೈಗೆ ಹೋಯಿತು.

ದಾನ ಬಂತು, ಬಾಗಿಲು ಎಲ್ಲರಿಗೂ ತೆರೆಯಲಿಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸ್ಮರಣ ಸಂಚಿಕೆಯ ಲೇಖನವಾಗುತ್ತದೆ. ಇನ್ನೊಂದು ಪಕ್ಕವೂ ಇದೆ.

ಟಾಟಾ ಆಸ್ತಿ ಕೊಟ್ಟದ್ದು ಭಾರತೀಯರು ಇಲ್ಲೇ ಸಂಶೋಧನೆ ಮಾಡಲಿ ಅಂತ. ಆದರೆ ಮೊದಲ ಎರಡು ದಶಕ ನಿರ್ದೇಶಕರೆಲ್ಲ ಇಂಗ್ಲಿಷರು. ಮೊದಲನೆಯವರಾದ ಮಾರಿಸ್ ಟ್ರಾವರ್ಸ್ ದೊಡ್ಡ ವಿಜ್ಞಾನಿ, ರ‍್ಯಾಮ್ಸೆ ಜತೆ ನಿಯಾನ್, ಕ್ರಿಪ್ಟಾನ್ ಕಂಡುಹಿಡಿದವರು. ಸಂಸ್ಥೆ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದರಲ್ಲಿ ಅವರಿಗೂ ಟಾಟಾ ಕಡೆಯವರಿಗೂ ತಿಕ್ಕಾಟ ನಡೆದೇ ಇತ್ತು. 1933ರಲ್ಲಿ ಸಿ.ವಿ. ರಾಮನ್ ಬಂದ ಮೇಲೆ ಭಾರತೀಯ ನಿರ್ದೇಶಕರು ಸಿಕ್ಕರು. ಅವರ ಕಾಲದಲ್ಲೂ ಜಗಳ ನಿಲ್ಲಲಿಲ್ಲ. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಬಾರ್ನ್ ಅವರನ್ನು ಖಾಯಂ ಪ್ರೊಫೆಸರ್ ಮಾಡಬೇಕು ಅಂತ ರಾಮನ್ ಅಂದರು. ಒಳಗೇ ವಿರೋಧ ಬಂತು. ಬಾರ್ನ್ ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಹಣವನ್ನೆಲ್ಲ ಭೌತವಿಜ್ಞಾನಕ್ಕೇ ಸುರಿಯುತ್ತಿದ್ದಾರೆ ಅನ್ನುವ ದೂರು ರಾಮನ್ ಮೇಲಿತ್ತು. 1936ರ ಪರಿಶೀಲನಾ ಸಮಿತಿಯ ನಂತರ, 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟರು. ಪ್ರೊಫೆಸರ್ ಆಗಿ ಮುಂದುವರಿದರು.

ಬಿಗಿಯಿಲ್ಲದ ದಾನಕ್ಕೆ ಇದೇ ಬೆಲೆ. ಇಂಥದಕ್ಕೇ ಖರ್ಚು ಮಾಡಿ ಅಂತ ಕೊಟ್ಟವರು ಹೇಳದಿದ್ದರೆ, ಒಳಗಿರುವವರು ಹಂಚಿಕೆಗೆ ಕಿತ್ತಾಡುತ್ತಾರೆ. ಟಾಟಾ ಪ್ರತಿನಿಧಿಗಳು, ಮೈಸೂರಿನವರು, ಭಾರತ ಸರ್ಕಾರದವರು ಎಲ್ಲರೂ ಆಡಳಿತ ಮಂಡಳಿಯಲ್ಲಿ ಕೂತಿದ್ದರು. ಒಬ್ಬರೇ ಯಜಮಾನರು ಅಂತ ಇರಲಿಲ್ಲ. ನನ್ನ ಪ್ರಕಾರ ಅದು ಒಳ್ಳೆಯದೇ ಆಯಿತು. ಬಾರ್ನ್ ಕೈತಪ್ಪಿದ್ದು ಮಾತ್ರ ಹೊಟ್ಟೆ ಉರಿಸುವ ಸಂಗತಿ.

ಕಮಲಾ ಭಾಗವತ್ ಅವರ ಕತೆ ಇದಕ್ಕಿಂತ ಕಹಿ. ಮುಂದೆ ಕಮಲಾ ಸೊಹೋನಿ ಅಂತ ಹೆಸರಾದವರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದವರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾಗಿ 1933ರಲ್ಲಿ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಬಿಡಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡರು. ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯಿತು, ಹುಡುಗಿಯರಿಗೆ ದಾರಿ ಆಯಿತು. 1939ರಲ್ಲಿ ಕಮಲಾ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಮುಗಿಸಿದರು. ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ನೆನೆಯುತ್ತಾರೆ. ಟಾಟಾ ಅವರ ಬಾಡಿಗೆ ಹಣ ಇಪ್ಪತ್ತು ವರ್ಷ ಹರಿದರೂ ಮಾಡದ ಕೆಲಸವನ್ನು ಒಬ್ಬ ಹುಡುಗಿಯ ಹಟ ಮಾಡಿತು. ಹತ್ತು ವರ್ಷದ ನಂತರ, 1943ರಲ್ಲಿ ನಮ್ಮ ರಾಜೇಶ್ವರಿಯವರು ಅದೇ ಬಾಗಿಲಲ್ಲಿ ಬಂದರು. ಮುಂದೆ ರಾಜೇಶ್ವರಿ ಚಟರ್ಜಿಯಾಗಿ ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಹೆಸರು ಮಾಡಿದರು.

ಸರ್ಕಾರವೇ ಸಾಕುವ ಕಾಲ

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಅನುದಾನ ಬೆಳೆಯುತ್ತಾ ಹೋಯಿತು. 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ವಿದ್ಯಾರ್ಥಿಗಳ ಫೆಲೋಶಿಪ್, ಸಿಬ್ಬಂದಿಯ ಸಂಬಳ, ಪ್ರಯೋಗಾಲಯ ಎಲ್ಲವೂ ಮುಖ್ಯವಾಗಿ ತೆರಿಗೆ ಹಣದಲ್ಲೇ ನಡೆಯತೊಡಗಿದವು. ಸತೀಶ್ ಧವನ್ ನಿರ್ದೇಶಕರಾಗಿದ್ದಾಗ, 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅನ್ನುವ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುಮಾಡಿದರು. ಕುಣಿಗಲ್ ಕಡೆಯ ಉಂಗ್ರದಲ್ಲಿ ಠಿಕಾಣಿ ಹೂಡಿ ಕೆಲಸ ಮಾಡಿದರು. ಸೌದೆ ಕಡಿಮೆ ತಿನ್ನುವ ‘ಅಸ್ತ್ರ ಒಲೆ’ ನಮ್ಮ ಕಡೆ ಎಷ್ಟೋ ಅಡುಗೆಮನೆಗಳಿಗೆ ಬಂದದ್ದು ಹಾಗೆ. ಅದರಲ್ಲಿ ಖಾಸಗಿ ದಾನದ ಪಾತ್ರ ಹುಡುಕಿದರೆ ಸಿಗುವುದಿಲ್ಲ, ಹುಡುಕುವುದೂ ಬೇಡ. ಆದರೆ ಒಲೆಯ ಹೊಗೆ ಕೂಡ ಸಂಶೋಧನೆಯ ವಿಷಯ ಅನ್ನುವ ಧೈರ್ಯ, ಖರ್ಚು ಹೇಗೋ ನಡೆಯುತ್ತದೆ ಅಂತ ಗೊತ್ತಿರುವ ಜಾಗದಲ್ಲಿ ಮಾತ್ರ ಬರುತ್ತದೆ.

ಕೋಟಿಗಳ ಕಾಲ

2014ರಲ್ಲಿ ಗಾಳಿ ಬದಲಾಯಿತು. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಮಿದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ರೂಪಾಯಿ ಕೊಡಲು ಒಪ್ಪಿತು. ಹಣ ಬರುವುದು ಹತ್ತು ವರ್ಷದಲ್ಲಿ ಹಂಚಿಕೊಂಡು. ಇಳಿವಯಸ್ಸಿನ ಮರೆವಿನ ಕಾಯಿಲೆಗಳ ಅಧ್ಯಯನ ಇದರ ಗುರಿ.

ಈ ದಾನದಲ್ಲಿ ನನಗೆ ಇಷ್ಟವಾದದ್ದು ಕ್ಯಾಂಪಸ್ಸಿನ ಕಟ್ಟಡವಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಮಾವಿನ ಹಣ್ಣಿಗೆ ಹೆಸರಾದ ಊರು. ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸುವ ಯೋಜನೆ ಹಾಕಿಕೊಂಡರು. ರಕ್ತ ಪರೀಕ್ಷೆ, ಮಿದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಸೇರಿದ್ದು. ಬೆಂಗಳೂರು ನಗರದವರ ಮೇಲೆ ಇಂಥದ್ದೇ ಇನ್ನೊಂದು ಅಧ್ಯಯನಕ್ಕೆ ಟಾಟಾ ಟ್ರಸ್ಟ್ ಕೈಜೋಡಿಸಿದೆ. ಮರೆವಿನ ಕಾಯಿಲೆಯ ದೊಡ್ಡ ಅಧ್ಯಯನಗಳು ಬಹುತೇಕ ನಡೆದದ್ದು ಓದುಬರಹ ಬಲ್ಲ, ಪಶ್ಚಿಮ ದೇಶಗಳ ಜನರ ಮೇಲೆ. ಶಾಲೆ ಕಾಣದ, ತೆಲುಗು ಕನ್ನಡ ಎರಡನ್ನೂ ಆಡುವ ಅಜ್ಜಿಯ ನೆನಪನ್ನು ಅಳೆಯುವುದು ಬೇರೆ ಕೆಲಸ. ಪೆನ್ನು ಹಿಡಿಯದವರಿಗೆ ‘ಗಡಿಯಾರದ ಚಿತ್ರ ಬರೆಯಿರಿ’ ಅಂದರೆ ಸೋಲುವುದು ಮಿದುಳಲ್ಲ, ಪ್ರಶ್ನೆ.

ಇಂಥ ಕೆಲಸಕ್ಕೆ ಸರ್ಕಾರದ ಮೂರು ವರ್ಷದ ಪ್ರಾಜೆಕ್ಟ್ ಹಣ ಸಾಲುವುದಿಲ್ಲ. ಹತ್ತು ವರ್ಷ ಬರುತ್ತದೆ ಅನ್ನುವ ಮಾತು ಬೇಕು. ಅಂದರೆ ಬಿಗಿ ಇರುವ ದಾನವೂ ಒಳ್ಳೆಯದು ಮಾಡಬಲ್ಲದು, ಬಿಗಿಯ ಜತೆ ಉದ್ದವೂ ಇದ್ದರೆ. ಹಾಗೇ, ಕ್ಯಾಂಪಸ್ಸಿನ ಸಮುದಾಯ ಅಂದರೆ ಯಾರು ಅನ್ನುವುದೂ ಇಲ್ಲಿ ಹಿಗ್ಗಿತು. ಪ್ರತಿವರ್ಷ ತೋಳು ಚಾಚಿ ರಕ್ತ ಕೊಡುವ ಶ್ರೀನಿವಾಸಪುರದ ರೈತರೂ ಈ ವಿಶ್ವವಿದ್ಯಾಲಯಕ್ಕೆ ಏನೋ ಕೊಡುತ್ತಿದ್ದಾರೆ.

2022ರ ಫೆಬ್ರವರಿಯಲ್ಲಿ ಇನ್ನೂ ದೊಡ್ಡ ಸುದ್ದಿ. ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ಸೇರಿ 425 ಕೋಟಿ ರೂಪಾಯಿ ಘೋಷಿಸಿದರು. ಬಾಗ್ಚಿ ಮತ್ತು ಪಾರ್ಥಸಾರಥಿ ಮೈಂಡ್‌ಟ್ರೀ ಕಂಪನಿ ಕಟ್ಟಿದವರ ಪೈಕಿ. ಸಂಸ್ಥೆಗೆ ಅಲ್ಲಿಯವರೆಗೆ ಬಂದ ಅತಿ ದೊಡ್ಡ ಖಾಸಗಿ ದಾನ ಅಂತ ಸಂಸ್ಥೆಯೇ ಹೇಳಿತು. ಉದ್ದೇಶ: ವೈದ್ಯಕೀಯ ಸ್ನಾತಕೋತ್ತರ ಶಾಲೆ ಮತ್ತು ಅದಕ್ಕೆ ಸೇರಿದ ಆಸ್ಪತ್ರೆ. ಆಸ್ಪತ್ರೆ 832 ಹಾಸಿಗೆಯದ್ದು, ಹೆಸರು ಬಾಗ್ಚಿ-ಪಾರ್ಥಸಾರಥಿ. ಅದೇ ವರ್ಷ ಜೂನ್ 20ರಂದು ಪ್ರಧಾನಿ ಅಡಿಗಲ್ಲು ಇಟ್ಟರು, ಮಿದುಳು ಕೇಂದ್ರದ ಕಟ್ಟಡವನ್ನೂ ಉದ್ಘಾಟಿಸಿದರು.

ಪಾದಶಾ ಅವರ ಕರಡಿನಲ್ಲಿದ್ದ ವೈದ್ಯಕೀಯ ನೆನಪಿದೆಯಲ್ಲ? ರ‍್ಯಾಮ್ಸೆ ಕತ್ತರಿಸಿ ಹಾಕಿದ್ದು, ಒಂದು ಶತಮಾನ ದಾಟಿದ ಮೇಲೆ ಬೇರೆ ದಾನಿಗಳ ಕೈಯಿಂದ ವಾಪಸ್ ಬಂತು.

ಈ ನಡುವೆ ಬ್ಯಾಂಕುಗಳೂ ಬಂದವು. ಕೃತಕ ಬುದ್ಧಿಮತ್ತೆಗೆ ಕೋಟಕ್ ಹೆಸರಿನ ಕೇಂದ್ರ, ಗಣಿತ ಮತ್ತು ಕಂಪ್ಯೂಟಿಂಗ್‌ಗೆ ಆಕ್ಸಿಸ್ ಹೆಸರಿನ ಕೇಂದ್ರ. ಜಮ್‌ಶೆಟ್‌ಜಿ ಬೇಡ ಅಂದ ಹೆಸರು ಈಗ ಒಪ್ಪಂದದ ಮೊದಲ ಪುಟದಲ್ಲೇ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಹೆಸರು ಬರುತ್ತದೆ ಅಂತ ಕೊಟ್ಟರೂ ಕೊಟ್ಟದ್ದು ಕೊಟ್ಟದ್ದೇ. ತೊಂದರೆ ಇರುವುದು ಬೇರೆ ಕಡೆ. ಹೆಸರು ಹಾಕಬಹುದಾದ ವಸ್ತುಗಳಿಗೆ ಮಾತ್ರ ಹಣ ಹರಿಯುತ್ತದೆ. ಹಾಸ್ಟೆಲಿನ ಹಳೇ ಪೈಪು ಬದಲಿಸಲು, ಲ್ಯಾಬ್ ಅಟೆಂಡರ್ ನೇಮಿಸಲು, ಅರ್ಧಕ್ಕೆ ಮನಸ್ಸು ಕುಸಿದ ವಿದ್ಯಾರ್ಥಿಯ ಜತೆ ಕೂತು ಮಾತಾಡುವ ಆಪ್ತಸಲಹೆಗಾರರಿಗೆ ಸಂಬಳ ಕೊಡಲು ಯಾವ ದಾನಿಯೂ ಸಾಲಲ್ಲಿ ನಿಂತಿರುವುದಿಲ್ಲ. ಇದು ಈ ಒಂದು ಸಂಸ್ಥೆಯ ಮಾತಲ್ಲ. ಯಾವ ವಿಶ್ವವಿದ್ಯಾಲಯದ ರಿಜಿಸ್ಟ್ರಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಕಾನೂನೂ ಇದಕ್ಕೆ ಒತ್ತು ಕೊಟ್ಟಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕು. 2021ರ ಜನವರಿಯ ತಿದ್ದುಪಡಿಯ ನಂತರ, ಯಾವುದೇ ಸಂಸ್ಥೆಯ ಇಡುಗಂಟಿಗೆ ಕೊಟ್ಟ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ಖರ್ಚಾಗಿ ಮುಗಿಯುವ ಕೆಲಸಕ್ಕೇ ಕೊಡಬೇಕು. ಹಣ ಸುಮ್ನೆ ಬ್ಯಾಂಕಿನಲ್ಲಿ ಕೊಳೆಯಬಾರದು ಅನ್ನುವ ಉದ್ದೇಶ ಅರ್ಥವಾಗುತ್ತದೆ. ಆದರೆ ಫಲ ನೋಡಿ. ಅಸಲು ಮುಟ್ಟದೆ ಆದಾಯದಲ್ಲಿ ನಡೆಯಲಿ ಅನ್ನುವ ಟಾಟಾ ಮಾದರಿಯ ದಾನವನ್ನು ಇವತ್ತು ಒಂದು ಕಂಪನಿ ಸಿಎಸ್‌ಆರ್ ಲೆಕ್ಕದಲ್ಲಿ ಕೊಡಲಾಗದು. ಗಂಧದೆಣ್ಣೆಯಂಥ ಎಣಿಸದ ಲಾಭ ಕೊಟ್ಟದ್ದೇ ಆ ಬಗೆಯ ಹಣ.

ಇಡುಗಂಟಿಗೂ ಅದರ ಕಷ್ಟ ಇದೆ, ಅದನ್ನೂ ಹೇಳಬೇಕು. ನಮ್ಮ ವಿಶ್ವವಿದ್ಯಾಲಯಗಳ ದತ್ತಿ ಚಿನ್ನದ ಪದಕಗಳನ್ನೇ ತೆಗೆದುಕೊಳ್ಳಿ. ಹಿಂದೆ ಯಾರೋ ಅಮ್ಮನ ನೆನಪಿಗೆ 5,000 ರೂಪಾಯಿ ಇಟ್ಟಿದ್ದಾರೆ ಅಂದುಕೊಳ್ಳಿ. ಶೇ. 7 ಬಡ್ಡಿ ಅಂದರೆ ವರ್ಷಕ್ಕೆ 350 ರೂಪಾಯಿ. ಅದರಲ್ಲಿ ಚಿನ್ನ ಎಲ್ಲಿಂದ ಬರಬೇಕು? ಅಸಲನ್ನು ಬೆಳೆಸುವ ಏರ್ಪಾಡು ಇಲ್ಲದಿದ್ದರೆ ದತ್ತಿ ಕಾಗದದ ಮೇಲೆ ಬದುಕಿರುತ್ತದೆ, ಅಷ್ಟೇ.

ಚಳ್ಳಕೆರೆಯ ನೆಲ

ಸಂಸ್ಥೆಗೆ ನೂರು ವರ್ಷ ತುಂಬುವ ಹೊತ್ತಿಗೆ ಕರ್ನಾಟಕ ಸರ್ಕಾರ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಸುಮಾರು 1,500 ಎಕರೆ ಕೊಟ್ಟಿತು. 1907ರ 371 ಎಕರೆಯ ನಾಲ್ಕು ಪಟ್ಟು. ಪಕ್ಕದಲ್ಲೇ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಅಣು ಸಂಶೋಧನೆಯ ಬಿಎಆರ್‌ಸಿ, ಇಸ್ರೊಗಳಿಗೂ ಜಾಗ ಸಿಕ್ಕಿತು.

ಆದರೆ ಅದು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆ ಬಿಟ್ಟ ಹುಲ್ಲುಗಾವಲು. ಚಳ್ಳಕೆರೆ ಅಂದರೆ ಕುರಿ, ಕಂಬಳಿ. ಸುತ್ತಲ ಹಳ್ಳಿಗಳವರ ಕುರಿ ದನ ಅಲ್ಲೇ ಮೇಯುತ್ತಿದ್ದವು. ಬೇಲಿ, ಗೋಡೆ ಬಂದಾಗ ಜನ ಪ್ರತಿಭಟಿಸಿದರು. ಹೈಕೋರ್ಟ್ ಮತ್ತು ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ಯೋಜನೆಗಳು ಮುಂದುವರಿದವು. ಸಂಸ್ಥೆ ಆ ಕ್ಯಾಂಪಸ್ಸಿನಲ್ಲಿ ಶಾಲಾ ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಪ್ರಯೋಗ ಮಾಡಿ ತೋರಿಸಲು ಗೊತ್ತಿರುವ ಮೇಷ್ಟ್ರು ಹಳ್ಳಿ ಶಾಲೆಗೆ ಸಿಗುವುದು ಸಣ್ಣ ಮಾತಲ್ಲ. ಹಾಗಂತ ಕುರಿ ಮೇಯಿಸುವವರ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ. ಸರ್ಕಾರ ನೆಲ ಕೊಟ್ಟಿತು ಅಂತ ನಾವು ಬರೆಯುತ್ತೇವೆ. ಕಳೆದುಕೊಂಡವರನ್ನು ದಾನಿಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಆಸ್ಪತ್ರೆಯ ಲೆಕ್ಕ

ಸುಮಾರು 400 ಎಕರೆಯ ಬೆಂಗಳೂರು ಕ್ಯಾಂಪಸ್ ಮರಗಳ ನಡುವೆ ಇರುವ ಶಾಂತ ಜಾಗ. 2005ರ ಡಿಸೆಂಬರಿನ ಗುಂಡಿನ ದಾಳಿಯ ನಂತರ ಕಾವಲು ಬಿಗಿಯಾಗಿ, ಹೊರಗಿನವರ ಓಡಾಟ ಕಡಿಮೆಯಾಯಿತು. ಊರಿನವರು ಗುಂಪುಗುಂಪಾಗಿ ಒಳಗೆ ಬರುವುದು ವರ್ಷಕ್ಕೊಮ್ಮೆ ‘ಓಪನ್ ಡೇ’ ದಿನ. ಅಂಥ ಜಾಗದ ಒಂದು ಬದಿಯಲ್ಲಿ 832 ಹಾಸಿಗೆಯ ಆಸ್ಪತ್ರೆ ಬಂದರೆ ಪ್ರತಿದಿನವೂ ಓಪನ್ ಡೇ. ಆಂಬುಲೆನ್ಸ್, ರೋಗಿಯ ಜತೆ ಬಂದವರು, ಗೇಟಿನ ಮುಂದೆ ಎಳನೀರಿನ ಗಾಡಿ, ಮೆಡಿಕಲ್ ಶಾಪ್. ಎಂಜಿನಿಯರುಗಳ ಪಕ್ಕದಲ್ಲೇ ಡಾಕ್ಟರುಗಳು ಕೂತು ಊಟ ಮಾಡುತ್ತಾರೆ. ಎಂ.ಡಿ. ಮತ್ತು ಪಿಎಚ್‌.ಡಿ. ಎರಡನ್ನೂ ಸೇರಿಸಿ ಓದುವ ಹೊಸ ಬಗೆಯ ವಿದ್ಯಾರ್ಥಿಗಳು ಬರುತ್ತಾರೆ. ಈವರೆಗೆ ಬಂದ ಯಾವ ದಾನವೂ ಇಲ್ಲಿನ ದಿನನಿತ್ಯದ ಬದುಕನ್ನು ಇಷ್ಟು ಬದಲಿಸುವಂಥದ್ದಾಗಿರಲಿಲ್ಲ.

425 ಕೋಟಿ ಆಸ್ಪತ್ರೆಯನ್ನು ಎಬ್ಬಿಸಿ ನಿಲ್ಲಿಸುವ ಹಣ. ನಡೆಸುವುದು ಬೇರೆ. ನರ್ಸ್‌ಗಳ ಸಂಬಳ, ಔಷಧಿ, ಸ್ಕ್ಯಾನಿಂಗ್ ಯಂತ್ರಗಳ ರಿಪೇರಿ, ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತವೆ. ಇಷ್ಟು ದೊಡ್ಡ ಬೋಧನಾ ಆಸ್ಪತ್ರೆ ಕೆಲವೇ ವರ್ಷಗಳಲ್ಲಿ ತನ್ನ ಕಟ್ಟಡದ ಬೆಲೆಯನ್ನು ನಡೆಸುವ ಖರ್ಚಿಗೇ ನುಂಗುತ್ತದೆ. ಅದಕ್ಕೆ ಇರುವ ದಾರಿಗಳು ಕೆಲವೇ. ದುಡ್ಡಿರುವ ರೋಗಿಗಳಿಂದ ಜಾಸ್ತಿ ತೆಗೆದುಕೊಂಡು ಬಡವರಿಗೆ ಕಡಿಮೆ ಮಾಡುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳ ದರಕ್ಕೆ ಒಪ್ಪಿ ಚಿಕಿತ್ಸೆ ಕೊಡುವುದು. ಇಲ್ಲವೇ 1907ರ ಮೈಸೂರಿನಂತೆ ವರ್ಷ ವರ್ಷ ಕೊಡುತ್ತೇನೆ ಅನ್ನುವವರನ್ನು ಹುಡುಕುವುದು. ಮೊದಲನೆಯ ದಾರಿಯನ್ನೇ ಹೆಚ್ಚು ನೆಚ್ಚಿಕೊಂಡರೆ ಡಾಕ್ಟರುಗಳ ಸಮಯ ಹೊರರೋಗಿಗಳ ಸಾಲಿಗೇ ಹೋಗುತ್ತದೆ, ಲ್ಯಾಬಿಗೆ ಉಳಿಯುವುದಿಲ್ಲ. ಆಗ ಇದು ಬೆಂಗಳೂರಿನ ಇನ್ನೊಂದು ದೊಡ್ಡ ಆಸ್ಪತ್ರೆ ಆಗುತ್ತದೆ, ದಾನಿಗಳು ಬಯಸಿದ ಸಂಶೋಧನೆಯ ಶಾಲೆ ಆಗುವುದಿಲ್ಲ. ಮುಂದೆ ಬರುವ ದಾನಿಗಳ ಮುಂದೆ ಸಂಸ್ಥೆ ಇಡಬೇಕಾದ ಬೇಡಿಕೆ ಇನ್ನೊಂದು ಬ್ಲಾಕ್ ಕಟ್ಟಿಸಿಕೊಡಿ ಅಂತ ಅಲ್ಲ, ಈ ತಿಂಗಳ ಬಿಲ್ಲುಗಳಿಗೆ ಒಂದು ಇಡುಗಂಟು ಇಡಿ ಅಂತ.